ಸಾವಿರ ರೂಪಾಯಿಗೆ ಚಿಲ್ಲರೆ ಸಿಗುತ್ತಾ?



ಈ ಚಾನೆಲ್‌ನಲ್ಲಿ ನನಗಿಂತ ಮುಂಚೆ ಮಾತಾಡಿದವರು ಹೋಮ್ ಲೋನ್, ಲೇಆಫ್, ಮಕ್ಕಳ ಕನ್ನಡ ಅಂತ ದೊಡ್ಡ ದೊಡ್ಡ ವಿಷಯ ತಗೊಂಡಿದ್ದಾರೆ. ನಾನು ತಂದಿರೋದು ಚಿಲ್ಲರೆ ವಿಷಯ. ಅಕ್ಷರಶಃ ಚಿಲ್ಲರೆ. ಬ್ಯಾಂಕಿಗೆ ನೋಟು ತಗೊಂಡು ಹೋಗಿ ನಾಣ್ಯ ತರೋದು ಹೇಗೆ, ನಾವು ಅದನ್ನ ಯಾಕೆ ಮಾಡಬೇಕು, ಕೊಡಲ್ಲ ಅಂದರೆ ಏನು ಹೇಳಬೇಕು ಅಂತ. ನಗಬೇಡಿ, ಇಪ್ಪತ್ತು ನಿಮಿಷ ಕೊಡಿ.

ಇಲ್ಲಿ ಕೂತಿರೋರಲ್ಲಿ ಈ ವಾರ ಒಂದು ರೂಪಾಯಿ ನಾಣ್ಯ ಮುಟ್ಟಿದವರು ಎಷ್ಟು ಜನ? ಕೈ ಎತ್ತಿ. ಮೂರು, ನಾಲ್ಕು. ನೀವು ಮೇಡಂ? ಮದುವೆ ಮುಯ್ಯಿ ಕವರಿಗೆ ಬೇಕಿತ್ತು. ಸರಿ. ಐನೂರಕ್ಕೆ ಒಂದು ಸೇರಿಸಿ ಐನೂರಾ ಒಂದು ಮಾಡೋಕೆ ಬಿಟ್ಟರೆ ನಮಗೆ ಆ ನಾಣ್ಯದ ಕೆಲಸವೇ ಉಳಿದಿಲ್ಲ. ನಾನಂತೂ ಕೆಲಸ ಮಾಡೋದೇ ಪೇಮೆಂಟ್ ಸಾಫ್ಟ್‌ವೇರ್ ಕಡೆ. ಜನ ನಗದು ಬಿಟ್ಟಷ್ಟೂ ನನ್ನ ಹೊಟ್ಟೆಪಾಡಿಗೆ ಒಳ್ಳೇದು. ಹಾಗಾಗಿ ನಾನು ಇವತ್ತು ಹೇಳೋದನ್ನ ನಾಣ್ಯದ ಅಭಿಮಾನಿ ಹೇಳ್ತಿದ್ದಾನೆ ಅಂದುಕೊಳ್ಳಬೇಡಿ.

ನಮ್ಮ ಅಪಾರ್ಟ್‌ಮೆಂಟ್ ಗೇಟಿನ ಹತ್ತಿರ ಒಂದು ಟಿಫಿನ್ ಬಂಡಿ ಇದೆ. ನಡೆಸೋರು ರಾಯಚೂರು ಜಿಲ್ಲೆಯವರು, ಗಂಡ ಹೆಂಡತಿ. ಬೆಳಗ್ಗೆ ಆರಕ್ಕೆ ಶುರು. ಮೊದಲ ಒಂದೂವರೆ ಗಂಟೆ ಗಿರಾಕಿಗಳೆಲ್ಲ ಪಕ್ಕದ ಟವರ್ ಕಟ್ಟೋ ಕೂಲಿಯವರು. ಯಾದಗಿರಿ, ನಾರಾಯಣಪೇಟೆ, ದೇವದುರ್ಗ ಕಡೆಯ ಜನ. ಆಮೇಲೆ ಎಂಟರಿಂದ ಹತ್ತು ನಮ್ಮಂಥವರು, ಕುತ್ತಿಗೆಗೆ ಐಡಿ ಕಾರ್ಡ್ ಹಾಕ್ಕೊಂಡೋರು. ನಾವು ಕ್ಯುಆರ್ ಸ್ಕ್ಯಾನ್ ಮಾಡ್ತೀವಿ. ಮೊದಲ ಬ್ಯಾಚಿನವರಲ್ಲಿ ಬಹಳ ಜನ ನೋಟು ಕೊಡ್ತಾರೆ, ಯಾಕಂದ್ರೆ ಮೇಸ್ತ್ರಿ ವಾರದ ಕೂಲಿ ಕೊಡೋದು ನೋಟಿನಲ್ಲೇ.

ಒಂದು ದಿನ ಆ ಅಣ್ಣ ನನ್ನ ಕೇಳಿದರು, "ಸರ, ನೀವು ಓದಿದವ್ರು ಅದೀರಿ. ಬ್ಯಾಂಕಿನ್ಯಾಗ ಚಿಲ್ಲರ ಕೊಡ್ತಾರೇನ್ರಿ?" ಕೊಡಬೇಕು ಅಂದೆ. "ನಮ್ಮಂಥವ್ರಿಗೆ ಎಲ್ಲಿ ಕೊಡ್ತಾರ್ರೀ" ಅಂದರು. ವಿಚಾರಿಸಿದಾಗ ತಿಳೀತು, ಅವರು ಚಿಲ್ಲರೆ ಕೊಂಡುಕೊಳ್ತಿದ್ದಾರೆ. ಒಬ್ಬ ಏಜೆಂಟ್ ಬರ್ತಾನೆ, ಸಾವಿರ ರೂಪಾಯಿ ನೋಟಿಗೆ ಒಂಬೈನೂರೈವತ್ತರ ನಾಣ್ಯ ಕೊಡ್ತಾನೆ. ನೂರಕ್ಕೆ ಐದು. ನಮ್ಮ ಹಿರಿಯರು ಇದಕ್ಕೆ ವಟ್ಟ ಅಂತಿದ್ದರು, ಹಣ ಬದಲಾಯಿಸೋವಾಗ ಮುರಿದುಕೊಳ್ಳೋ ಪಾಲು. ಕ್ರೆಡಿಟ್ ಕಾರ್ಡ್‌ನವರು ನೂರಕ್ಕೆ ಎರಡು ಹಿಡಿದರೆ ನಾವು ಟ್ವಿಟರ್‌ನಲ್ಲಿ ಕೂಗಾಡ್ತೀವಿ.

ಐದು ಪರ್ಸೆಂಟ್ ಹೊರೆ ಎಷ್ಟು ದಿನ ಹೊರೋಕಾಗುತ್ತೆ? ಅವರು ಏನು ಮಾಡಿದರು ಕೇಳಿ. ಇಡ್ಲಿ ಪ್ಲೇಟು 35, ಚಹಾ 12. ಒಟ್ಟು 47. ಕೂಲಿಯವನು 50ರ ನೋಟು ಕೊಟ್ಟರೆ 3 ರೂಪಾಯಿ ವಾಪಸ್ ಕೊಡಬೇಕು. ಇರಲ್ಲ. ಮೊದಮೊದಲು ಒಂದು ನೋಟ್‌ಬುಕ್‌ನಲ್ಲಿ ಬರೆದಿಡ್ತಿದ್ದರು. ಕೂಲಿಯವನು ವಾರ ಬಿಟ್ಟು ಬೇರೆ ಸೈಟಿಗೆ ಹೋದ, ಬಾಕಿ ಹಾಗೇ ಉಳೀತು. ನಂತರ ಚಾಕ್ಲೇಟ್ ಕೊಟ್ಟು ನೋಡಿದರು. "ನಾ ಏನು ಸಣ್ಣ ಹುಡುಗೇನು" ಅಂತ ಒಬ್ಬ ಜಗಳ ತೆಗೆದ. ಕೊನೆಗೆ ಚಹಾ 15 ಮಾಡಿದರು. 35 ಮತ್ತು 15, 50ಕ್ಕೆ ಸರಿಹೋಯ್ತು. ಹಾಲಿನ ರೇಟು ಏರಿದ್ದಕ್ಕಲ್ಲ, ಗ್ಯಾಸಿನ ರೇಟು ಏರಿದ್ದಕ್ಕಲ್ಲ. ಕೊಡೋಕೆ ಮೂರು ನಾಣ್ಯ ಇರಲಿಲ್ಲ, ಅದಕ್ಕೆ.

ನಮ್ಮ ಭಾಷೆಯಲ್ಲಿ ಹೇಳ್ತೀನಿ. ಕೋಡ್‌ನಲ್ಲಿ ರೌಂಡ್ ಮಾಡೋಕೆ ಮೂರು ಫಂಕ್ಷನ್ ಇವೆ. ಫ್ಲೋರ್, ಸೀಲ್, ರೌಂಡ್. ಬೀದಿಯಲ್ಲಿ ಇರೋದು ಒಂದೇ, ಸೀಲ್. 12 ಯಾವತ್ತೂ 10 ಆಗಲ್ಲ, 15 ಆಗುತ್ತೆ. ದಿನಕ್ಕೆ ಎರಡು ಚಹಾ ಕುಡಿಯೋ ಕೂಲಿಯವನಿಗೆ 6 ರೂಪಾಯಿ ಹೆಚ್ಚು. ತಿಂಗಳಿಗೆ 26 ದಿನ ಕೆಲಸ ಅಂದ್ರೆ 156. ವರ್ಷಕ್ಕೆ 1,872. ನಮಗೆ 156 ರೂಪಾಯಿ ಅಂದ್ರೆ ಹೈಟೆಕ್ ಸಿಟಿಯಲ್ಲಿ ಒಂದು ಕಾಫಿಯೂ ಬರಲ್ಲ. ಅವನಿಗೆ ಅದು ಊರಿಗೆ ಹೋಗೋ ಬಸ್ ಚಾರ್ಜಿನಲ್ಲಿ ಒಂದು ಪಾಲು. ಇನ್ನೊಂದು ವಿಷಯ ಗಮನಿಸಿ. ಆ ಚಹಾಕ್ಕೆ ನಾನೂ 15 ಕೊಡ್ತೀನಿ, ಫೋನಿನಲ್ಲಿ. ಯುಪಿಐನಲ್ಲಿ 12 ರೂಪಾಯಿ 37 ಪೈಸೆ ಬೇಕಾದರೂ ಕಳಿಸಬಹುದು. ಆದರೆ ಬೆಲೆ ನಿರ್ಧಾರ ಆಗಿದ್ದು ಬೆಳಗ್ಗೆ ಆರು ಗಂಟೆಗೆ, ನೋಟು ಕೊಡುವವನ ಎದುರು, ನಾಣ್ಯ ಇಲ್ಲದ ಡಬ್ಬಿಯ ಎದುರು.

ಇದು ಹೊಸದೇನಲ್ಲ. 25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳನ್ನ ಸರ್ಕಾರ 2011ರ ಜೂನ್ 30ರಿಂದ ಅಧಿಕೃತವಾಗಿ ಹಿಂದಕ್ಕೆ ತಗೊಂಡಿತು. 50 ಪೈಸೆಯನ್ನ ಯಾರೂ ಹಿಂದಕ್ಕೆ ತಗೊಂಡಿಲ್ಲ, ಇವತ್ತಿಗೂ ಕಾನೂನಿನ ಪ್ರಕಾರ ಅದು ದುಡ್ಡು. ಆದರೆ ಯಾವ ಅಂಗಡಿಯಲ್ಲಾದರೂ ಕೊಟ್ಟು ನೋಡಿ. ಜನರೇ ಅದನ್ನ ಸಾಯಿಸಿದರು, ಒಂದೂವರೆ ರೂಪಾಯಿಯದ್ದೆಲ್ಲ ಎರಡಾಯ್ತು. ಈಗ ಒಂದು ರೂಪಾಯಿಯ ಸರದಿ ಬಂದಿದೆ.

ಸರಿ, ನಿಯಮ ಏನು ಹೇಳುತ್ತೆ? ಆರ್‌ಬಿಐ ಸೂಚನೆ ಸ್ಪಷ್ಟವಾಗಿದೆ. ದೇಶದ ಎಲ್ಲಾ ಬ್ಯಾಂಕುಗಳ ಎಲ್ಲಾ ಶಾಖೆಗಳೂ ಸಾರ್ವಜನಿಕರು ಕೇಳಿದರೆ ಎಲ್ಲಾ ಮುಖಬೆಲೆಯ ಒಳ್ಳೆಯ ನೋಟು ಮತ್ತು ನಾಣ್ಯ ಕೊಡಬೇಕು. ನಾಣ್ಯ ತಂದರೆ ತಗೋಬೇಕು, ಬದಲಿಗೆ ನೋಟು ಕೇಳಿದರೆ ಕೊಡಬೇಕು. ಹರಿದ, ಕೊಳೆಯಾದ ನೋಟು ಬದಲಾಯಿಸಿ ಕೊಡಬೇಕು. ಸಾರ್ವಜನಿಕರು ಅಂತ ಇದೆ, ಖಾತೆದಾರರು ಅಂತ ಇಲ್ಲ. ಸಣ್ಣ ನೋಟು, ನಾಣ್ಯ ತಗೊಳ್ಳಲ್ಲ ಅಂತ ಯಾವ ಶಾಖೆಯೂ ಹೇಳುವಂತಿಲ್ಲ. ಸ್ಟಾಕ್ ಇದ್ದೂ ಕೌಂಟರ್‌ನಲ್ಲಿ ನಾಣ್ಯ ಕೊಡದಿದ್ದರೆ ಬ್ಯಾಂಕಿಗೆ ₹10,000 ದಂಡ ಹಾಕೋ ವ್ಯವಸ್ಥೆ ಕೂಡ ಇದೆ.

ಈ "ಸ್ಟಾಕ್ ಇದ್ದೂ" ಅನ್ನೋ ಎರಡು ಪದ ಹಿಡ್ಕೊಳ್ಳಿ. ಇಫ್ ಸ್ಟಾಕ್ ಗ್ರೇಟರ್ ದ್ಯಾನ್ ಝೀರೋ. ಆ ವೇರಿಯಬಲ್ ಕೌಂಟರಿನ ಆ ಕಡೆ ಇದೆ, ನಮಗೆ ಕಾಣಲ್ಲ. ಅದಕ್ಕೇ ನಿಮಗೆ ಸಿಗೋ ಉತ್ತರ ಯಾವಾಗಲೂ ಒಂದೇ, ಸ್ಟಾಕ್ ಇಲ್ಲ, ಸೋಮವಾರ ಬನ್ನಿ.

ನಾನು ಹೋದಾಗಲೂ ಅದೇ ಆಯ್ತು. ನಮ್ಮ ರಸ್ತೆಯಲ್ಲೇ ಇರೋ ಒಂದು ಶಾಖೆ, ಹೆಸರು ಬೇಡ. ಮೊದಲು "ಅಕೌಂಟ್ ಇದೆಯಾ" ಅಂದರು. ಇಲ್ಲ ಅಂದೆ. "ಹಾಗಾದ್ರೆ ನಿಮ್ಮ ಬ್ಯಾಂಕಿಗೆ ಹೋಗಿ." ನಿಯಮ ಹೇಳಿದೆ. "ಸ್ಟಾಕ್ ಇಲ್ಲ." ಸೋಮವಾರ ಹೋದೆ, ಹೆಡ್ ಕ್ಯಾಷಿಯರ್ ರಜೆ. ಒಂದು ಕಿಲೋಮೀಟರ್ ದೂರದ ಇನ್ನೊಂದು ಶಾಖೆಗೆ ಹೋಗಿ, ಬರೋ ತೆಲುಗಿನಲ್ಲೇ "ಚಿಲ್ಲರ ಉಂದಾಂಡಿ?" ಅಂತ ಕೇಳಿದೆ. ಪದ ಒಂದೇ ಅಲ್ವಾ, ನಮ್ಮ ಚಿಲ್ಲರೆ, ಅವರ ಚಿಲ್ಲರ. ಇಲ್ಲಿನ ಹಳೇ ಊರಿನವರ ದಖನಿಯಲ್ಲಿ ಚಿಲ್ಲರ್. ಕೌಂಟರಿನಲ್ಲಿದ್ದ ಮೇಡಂ ರಿಟೈರ್‌ಮೆಂಟ್ ಹತ್ತಿರದವರು. ನನ್ನ ಮುಖ ನೋಡಿ, "ಅಂಗಡಿ ಇದೆಯಾ" ಅಂತ ಕೇಳಿದರು. ಇಲ್ಲ, ಟಿಫಿನ್ ಬಂಡಿಯವರಿಗೆ ಅಂದೆ. ಎದ್ದು ಒಳಗೆ ಹೋಗಿ ನೂರು ನೂರು ನಾಣ್ಯದ ಪ್ಲಾಸ್ಟಿಕ್ ಪ್ಯಾಕೆಟ್ ತಂದರು. ಒಂದು ರೂಪಾಯಿಯದ್ದು ಮೂರು, ಎರಡರದ್ದು ಒಂದು, ಐದರದ್ದು ಒಂದು. ಸಾವಿರ ಸರಿಹೋಯ್ತು. ಐದು ನಿಮಿಷದ ಕೆಲಸ. ನನಗೆ ಸಿಟ್ಟು ಬಂದಿದ್ದೇ ಆಗ, ಐದು ನಿಮಿಷದ ಕೆಲಸ ಅಂತ ಗೊತ್ತಾದ ಮೇಲೆ.

ಹಾಗಂತ ಕ್ಯಾಷಿಯರ್‌ಗಳನ್ನ ಬೈಯೋಕೆ ನಾನು ಬಂದಿಲ್ಲ. ಅವರ ಕಡೆಯಿಂದ ನೋಡಿ. ನಾಣ್ಯ ಎಣಿಸೋದು ನೋಟು ಎಣಿಸಿದಂಗಲ್ಲ. ಸಂಜೆ ಲೆಕ್ಕ ತಾಳೆ ಆಗದಿದ್ದರೆ ಕಮ್ಮಿ ಬಿದ್ದದ್ದನ್ನ ಕ್ಯಾಷಿಯರ್ರೇ ಕೈಯಿಂದ ಹಾಕಬೇಕು. ಒಂದು ಮತ್ತು ಎರಡು ರೂಪಾಯಿ ನಾಣ್ಯಗಳನ್ನ ಎಣಿಸದೆ ತೂಕ ಹಾಕಿ ತಗೊಳ್ಳೋದು ಮೇಲು ಅಂತ ಆರ್‌ಬಿಐಯೇ ಹೇಳಿದೆ. ಕೇಳೋಕೆ ಚೆನ್ನಾಗಿದೆ. ಆದರೆ 2011ರ ಸರಣಿಯ ಒಂದು ರೂಪಾಯಿ ನಾಣ್ಯ 3.79 ಗ್ರಾಂ. 2019ರ ಸರಣಿಯದ್ದು 3.09 ಗ್ರಾಂ. ಅದಕ್ಕೂ ಹಿಂದಿನ ದೊಡ್ಡ ಸ್ಟೀಲ್ ನಾಣ್ಯ ಇನ್ನೂ ಭಾರ. ಎಲ್ಲ ಸೇರಿದ ಒಂದು ಚೀಲವನ್ನ ತಕ್ಕಡಿಗೆ ಹಾಕಿದರೆ ಯಾವ ಲೆಕ್ಕ ಬರುತ್ತೆ? ಹಳೇ ಒಂದು ರೂಪಾಯಿ ಮತ್ತು ಆಮೇಲೆ ಬಂದ ಎರಡು ರೂಪಾಯಿ ಹೆಚ್ಚುಕಮ್ಮಿ ಒಂದೇ ಗಾತ್ರ, ಬೆರಳಿಗೂ ಮೋಸ. ಸ್ಕೀಮಾ ಬದಲಾಯಿಸಿ ಹಳೇ ಡೇಟಾ ಹಾಗೇ ಬಿಟ್ಟರೆ ಏನಾಗುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬ್ಯಾಂಕಿಗೆ ಪ್ರೋತ್ಸಾಹಧನ ಇದೆ. ನಾಣ್ಯ ಹಂಚಿದರೆ ಚೀಲಕ್ಕೆ 25 ರೂಪಾಯಿ ಇದ್ದದ್ದನ್ನ 2021ರ ಸೆಪ್ಟೆಂಬರ್‌ನಿಂದ 65 ಮಾಡಿದರು, ಹಳ್ಳಿ ಮತ್ತು ಸಣ್ಣ ಊರುಗಳಲ್ಲಿ ಇನ್ನೂ 10 ಸೇರಿಸಿ. ಅದು ಹೋಗೋದು ಬ್ಯಾಂಕಿಗೆ. ಕುರ್ಚಿಯಿಂದ ಎದ್ದು ಚೀಲ ಎತ್ತೋ ಮೇಡಂಗೆ ಏನೂ ಇಲ್ಲ.

ನಿಜವಾದ ತೊಡಕು ಬೇರೆ ಕಡೆ ಇದೆ ಅಂತ ನನ್ನ ಅನಿಸಿಕೆ. ನೋಟು ದಿನಾ ತಿರುಗುತ್ತೆ. ಅಂಗಡಿಯವರು ಸಂಜೆ ನೋಟನ್ನ ಬ್ಯಾಂಕಿಗೆ ಕಟ್ತಾರೆ, ಬೆಳಗ್ಗೆ ಎಟಿಎಂನಿಂದ ಹೊರಗೆ ಬರುತ್ತೆ. ನಾಣ್ಯಕ್ಕೆ ವಾಪಸ್ ದಾರಿಯೇ ಇಲ್ಲ. ಟಂಕಸಾಲೆಯಿಂದ ಆರ್‌ಬಿಐಗೆ, ಅಲ್ಲಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಜನರಿಗೆ. ಅಲ್ಲಿಗೆ ಮುಗೀತು. ನಾಣ್ಯ ಕಟ್ಟೋಕೆ ಹೋದರೆ ಕೌಂಟರ್‌ನಲ್ಲಿ ಮುಖ ಸಿಂಡರಿಸ್ತಾರೆ. ಅದಕ್ಕೇ ಅಂಗಡಿಯವನು ಗಿರಾಕಿಯ ಹತ್ತಿರ ಹೆಚ್ಚು ನಾಣ್ಯ ತಗೊಳ್ಳೋಕೆ ಹೆದರ್ತಾನೆ. ಹುಂಡಿ ಇರೋ ದೇವಸ್ಥಾನದಲ್ಲಿ ಕೊಳೀತಾ ಬಿದ್ದಿರುತ್ತೆ, ಬಂಡಿಯವನ ಡಬ್ಬಿ ಖಾಲಿ. ನಮ್ಮ ಮನೆಯ ಬೋರ್ನ್‌ವಿಟಾ ಡಬ್ಬದಲ್ಲೂ ಇರುತ್ತೆ, ಅದನ್ನ ಮರೀಬೇಡಿ. ಬೆಂಗಳೂರಿನಿಂದ ಇಲ್ಲಿಗೆ ಮನೆ ಬದಲಾಯಿಸುವಾಗ ಪ್ಯಾಕರ್ಸ್‌ನವರು ನಮ್ಮ ಡಬ್ಬವನ್ನ ಎತ್ತಿ, "ಇದರಲ್ಲಿ ಕಲ್ಲು ಇಟ್ಟಿದ್ದೀರಾ ಸಾರ್" ಅಂತ ಕೇಳಿದ್ದರು.

ಈಗ ಹೈದರಾಬಾದಿನ ಸ್ಪೆಷಲ್ ಕೇಸ್. ಹತ್ತು ರೂಪಾಯಿ ನಾಣ್ಯ.

ಇಲ್ಲಿ ಹೊಸದಾಗಿ ಬಂದವರಿಗೆ ಮೊದಲ ವಾರದಲ್ಲೇ ಅನುಭವ ಆಗಿರುತ್ತೆ. ಹತ್ತರ ನಾಣ್ಯ ಕೊಟ್ಟರೆ ತರಕಾರಿಯವರು "ಚೆಲ್ಲದು" ಅಂತಾರೆ, ಆಟೋದವರು "ನೈ ಚಲ್ತಾ" ಅಂತಾರೆ. ನಮ್ಮ ಕಡೆಯೂ ಕೆಲವು ಊರುಗಳಲ್ಲಿ ಇದೇ ಕಥೆ. ಕಾರಣ ಒಂದು ಗಾಳಿಸುದ್ದಿ. ₹ ಚಿಹ್ನೆ ಇರೋದು ಅಸಲಿ, ಇಲ್ಲದ್ದು ನಕಲಿ ಅಂತ ಒಂದು ಕಡೆ. ಹತ್ತು ಗೆರೆ ಇರೋದು ಅಸಲಿ, ಹದಿನೈದು ಗೆರೆ ನಕಲಿ ಅಂತ ಇನ್ನೊಂದು ಕಡೆ. 2016ರ ನವೆಂಬರ್‌ನಲ್ಲಿ ಒಮ್ಮೆ, 2018ರ ಜನವರಿಯಲ್ಲಿ ಇನ್ನೊಮ್ಮೆ ಆರ್‌ಬಿಐ ಪ್ರಕಟಣೆ ಹೊರಡಿಸಿತು. ಅಲ್ಲಿಯವರೆಗೆ 14 ವಿನ್ಯಾಸಗಳಲ್ಲಿ ಹತ್ತರ ನಾಣ್ಯ ಬಂದಿದೆ, ಎಲ್ಲವೂ ಅಸಲಿ ಅಂತ. ₹ ಚಿಹ್ನೆ ನಾಣ್ಯಗಳ ಮೇಲೆ ಬಂದದ್ದೇ 2011ರಲ್ಲಿ, ಅದಕ್ಕೆ ಮುಂಚಿನದ್ದರಲ್ಲಿ ಹೇಗೆ ಇರುತ್ತೆ? 14440 ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ವಾಪಸ್ ಫೋನ್ ಮಾಡಿ ರೆಕಾರ್ಡ್ ಮಾಡಿದ ವಿವರಣೆ ಕೇಳಿಸೋ ವ್ಯವಸ್ಥೆಯನ್ನೂ ಮಾಡಿದರು. ಏನೂ ಪ್ರಯೋಜನ ಆಗಲಿಲ್ಲ.

ತಮಾಷೆ ಅಂದ್ರೆ, ನಾಣ್ಯ ಅಚ್ಚು ಹಾಕೋ ನಾಲ್ಕು ಸರ್ಕಾರಿ ಟಂಕಸಾಲೆಗಳಲ್ಲಿ ಒಂದು ಇದೇ ಊರಿನಲ್ಲಿದೆ. ಮುಂಬೈ, ಕೋಲ್ಕತ್ತಾ, ನೋಯ್ಡಾ, ಮತ್ತೆ ನಮ್ಮ ಚೆರ್ಲಪಲ್ಲಿ. ನಿಮ್ಮ ಹತ್ತಿರ ನಾಣ್ಯ ಇದ್ದರೆ ಇಸವಿಯ ಕೆಳಗೆ ನೋಡಿ. ಐದು ಮೂಲೆಯ ಸಣ್ಣ ನಕ್ಷತ್ರ ಇದ್ದರೆ ಹೈದರಾಬಾದಿನದ್ದು. ವಜ್ರದ ಆಕಾರ ಇದ್ದರೆ ಮುಂಬೈ, ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ನಾನು ಒಮ್ಮೆ ನಕ್ಷತ್ರ ಇರೋ ಹತ್ತರ ನಾಣ್ಯವನ್ನ ಇಸಿಐಎಲ್ ಕ್ರಾಸ್ ರೋಡ್‌ನಲ್ಲಿ ಹಣ್ಣಿನವರಿಗೆ ಕೊಟ್ಟೆ. ಟಂಕಸಾಲೆಯಿಂದ ಕೆಲವೇ ಕಿಲೋಮೀಟರ್ ದೂರ. ತಗೊಳ್ಳಲಿಲ್ಲ. ಇದು ನಿಮ್ಮ ಊರಲ್ಲೇ ಮಾಡಿದ್ದು ಅಂದೆ. "ಅಸಲಿ ಅಂತ ನನಗೂ ಗೊತ್ತು ಸಾರ್, ನಾನು ಕೊಟ್ಟರೆ ಯಾರು ತಗೊಳ್ತಾರೆ?" ಅಂದರು.

ಆ ಉತ್ತರ ನನಗೆ ಬಹಳ ದಿನ ತಲೆಯಲ್ಲಿ ಕೊರೀತು. ಆರ್‌ಬಿಐ ಹೇಳ್ತಿರೋದು ಅಥೆಂಟಿಕೇಷನ್ ಬಗ್ಗೆ, ನಾಣ್ಯ ಅಸಲಿ, ನಂಬಿ ಅಂತ. ಹಣ್ಣಿನವರಿಗೆ ಅದರಲ್ಲಿ ಅನುಮಾನವೇ ಇಲ್ಲ. ಅವರ ಅನುಮಾನ ಮುಂದಿನವನ ಮೇಲೆ. ಪ್ರತಿಯೊಬ್ಬರೂ ಮುಂದಿನ ನೋಡ್ ಪ್ಯಾಕೆಟ್ ಬಿಸಾಕುತ್ತೆ ಅಂತ ತಾವೇ ಬಿಸಾಕ್ತಿದ್ದಾರೆ. ಪ್ರಕಟಣೆ ಹೊರಡಿಸಿ ಇದನ್ನ ಸರಿಮಾಡೋಕಾಗಲ್ಲ. ಎಲ್ಲಾದರೂ ಒಂದು ಕಡೆ, ಯಾವ ತಕರಾರೂ ಇಲ್ಲದೆ ತಗೊಳ್ಳೋ ಕೊನೆಯ ಕೌಂಟರ್ ಇರಬೇಕು. ಅದು ಬ್ಯಾಂಕ್ ಕೌಂಟರೇ ಆಗಬೇಕು. ಹಣ್ಣಿನವರಿಗೆ ಸಂಜೆ ಬ್ಯಾಂಕಿನಲ್ಲಿ ನೂರು ಹತ್ತರ ನಾಣ್ಯ ಕಟ್ಟೋಕೆ ಆಗುತ್ತೆ ಅನ್ನೋ ಧೈರ್ಯ ಇದ್ದರೆ ಬೆಳಗ್ಗೆ ನನ್ನ ನಾಣ್ಯ ತಗೊಳ್ತಾರೆ. ನಾಣ್ಯ ತಗೊಳ್ಳದಿರೋದು ಅಪರಾಧ, ಜೈಲು ಅಂತ ವಾಟ್ಸ್‌ಆ್ಯಪ್‌ನಲ್ಲಿ ಬರೋದನ್ನ ಹಿಡ್ಕೊಂಡು ಅಂಥವರನ್ನ ದಯವಿಟ್ಟು ಹೆದರಿಸಬೇಡಿ.

ಈ ಊರಿಗೂ ಈ ತಾಪತ್ರಯಕ್ಕೂ ಹಳೇ ನಂಟು ಇದೆ. ಅದರಲ್ಲಿ ನಮ್ಮವರೂ ಇದ್ದರು, ಅದಕ್ಕೇ ಹೇಳ್ತೀನಿ. 1956ರ ನವೆಂಬರ್ ಒಂದರವರೆಗೆ ಬೀದರ್, ಗುಲ್ಬರ್ಗ, ರಾಯಚೂರು ಹೈದರಾಬಾದ್ ಸಂಸ್ಥಾನ, ಆಮೇಲೆ ಹೈದರಾಬಾದ್ ರಾಜ್ಯದ ಜಿಲ್ಲೆಗಳು. ನಿಜಾಮರಿಗೆ ತಮ್ಮದೇ ನಾಣ್ಯ ಇತ್ತು, ಹಾಲಿ ಸಿಕ್ಕಾ. ಚಾರ್‌ಮಿನಾರ್ ಚಿತ್ರ ಇರೋ ಬೆಳ್ಳಿ ರೂಪಾಯಿ. ಸೈಫಾಬಾದ್‌ನಲ್ಲಿ 1903ರಲ್ಲಿ ಶುರುವಾದ ಟಂಕಸಾಲೆ, ಈಗ ಆರ್‌ಬಿಐ ಕಚೇರಿ ಇರೋ ಏರಿಯಾದಲ್ಲೇ. 1997ರಲ್ಲಿ ಅದು ಚೆರ್ಲಪಲ್ಲಿಗೆ ಹೋಯ್ತು. ಹಳೇ ಕಟ್ಟಡದಲ್ಲಿ 2022ರಲ್ಲಿ ಮ್ಯೂಸಿಯಂ ಮಾಡಿದ್ದಾರೆ, ಮಕ್ಕಳನ್ನ ಕರ್ಕೊಂಡು ಹೋಗಿ.

ಬ್ರಿಟಿಷ್ ಇಂಡಿಯಾದ ರೂಪಾಯಿಗೆ ಇಲ್ಲಿ ಕಲ್ದಾರ್ ಅಂತ ಹೆಸರು. ಆರು ಕಲ್ದಾರ್‌ಗೆ ಏಳು ಹಾಲಿ, ಹೆಚ್ಚುಕಮ್ಮಿ ಇದೇ ದರ. ರಾಯಚೂರಿನವನು ತುಂಗಭದ್ರೆ ದಾಟಿ ಬಳ್ಳಾರಿ ಕಡೆ ಸಂತೆಗೆ ಹೋದರೆ ಅದು ಮದ್ರಾಸ್ ಪ್ರಾಂತ್ಯ, ಅಲ್ಲಿ ಕಲ್ದಾರ್. ಅಂದ್ರೆ ಹೊಳೆ ದಾಟಿದರೆ ದುಡ್ಡು ಬದಲಾಯಿಸಬೇಕು. ಇದರ ಲೆಕ್ಕ ಮಾಡಿ ನೋಡಿದೆ, ಮಜಾ ಇದೆ. ಹಾಲಿ ರೂಪಾಯಿಗೆ 16 ಆಣೆ, ಆಣೆಗೆ 6 ಪೈ, ಒಟ್ಟು 96 ಪೈ. ಹತ್ತು ಕಲ್ದಾರ್ ಕೊಟ್ಟರೆ 11 ರೂಪಾಯಿ 10 ಆಣೆ 4 ಪೈ ಹಾಲಿ, ಕರಾರುವಾಕ್ಕಾಗಿ ಬರುತ್ತೆ. ಉಲ್ಟಾ ಮಾಡಿ. ಹತ್ತು ಹಾಲಿ ಕೊಟ್ಟರೆ 8 ಕಲ್ದಾರ್ 9 ಆಣೆ 1 ಪೈ, ಆಮೇಲೂ ಒಂದು ಚೂರು ಉಳಿಯುತ್ತೆ, ಮುಗಿಯೋದೇ ಇಲ್ಲ. ಕಲ್ದಾರ್ ರೂಪಾಯಿಗೆ 192 ಪೈ, ಏಳರಿಂದ ಭಾಗ ಹೋಗಲ್ಲ. ಆ ಉಳಿದ ಚೂರಿಗೆ ನಾಣ್ಯ ಇಲ್ಲ. ಅಂದ ಮೇಲೆ ಅದು ಹೊಳೆ ದಾಟಿ ಬಂದ ರೈತನಿಗೆ ಸಿಗುತ್ತಿತ್ತೋ, ದುಡ್ಡು ಬದಲಾಯಿಸೋ ಸಾಹುಕಾರನಿಗೋ, ನೀವೇ ಊಹಿಸಿ. ಜೊತೆಗೆ ವಟ್ಟ ಬೇರೆ. 1950ರಲ್ಲಿ ಭಾರತದ ರೂಪಾಯಿ ಬಂದ ಮೇಲೂ ಹಾಲಿ ಸ್ವಲ್ಪ ಕಾಲ ಜೊತೆಗೇ ನಡೀತು, 1959ರಲ್ಲಿ ಪೂರ್ತಿ ರದ್ದಾಯ್ತು. ನಮ್ಮ ಬಂಡಿ ಅಣ್ಣನ ಅಜ್ಜ ಇದನ್ನೆಲ್ಲ ನೋಡಿದ ತಲೆಮಾರು. ಮೊಮ್ಮಗ ಇವತ್ತು ಒಂದೇ ದೇಶದ ಒಂದೇ ದುಡ್ಡಿಗೆ ವಟ್ಟ ಕೊಡ್ತಿದ್ದಾನೆ.

ಮೆಷಿನ್ ಬಂದಿದೆಯಲ್ಲ ಅಂತ ಯಾರೋ ಕೇಳ್ತಿದ್ದಾರೆ. ಹೌದು. 2023ರ ಫೆಬ್ರವರಿಯಲ್ಲಿ ಆರ್‌ಬಿಐ ಕ್ಯುಆರ್ ಕೋಡ್ ನಾಣ್ಯ ಯಂತ್ರದ ಪ್ರಯೋಗ ಪ್ರಕಟಿಸಿತು. 12 ನಗರ, 19 ಜಾಗ. ಬೆಂಗಳೂರು, ಹೈದರಾಬಾದ್ ಎರಡೂ ಆ ಪಟ್ಟಿಯಲ್ಲಿದ್ದವು. ಸ್ಕ್ಯಾನ್ ಮಾಡಿದರೆ ನಿಮ್ಮ ಖಾತೆಯಿಂದ ಹಣ ಕಟ್ ಆಗಿ ನಾಣ್ಯ ಬೀಳುತ್ತೆ. ಹಳೇ ಥರದ ಯಂತ್ರಕ್ಕೆ ನೋಟು ಹಾಕಬೇಕಿತ್ತು, ಜನ ಖೋಟಾ ನೋಟು ಹಾಕ್ತಿದ್ದರು ಅನ್ನೋದು ಕ್ಯುಆರ್‌ಗೆ ಹೋಗೋಕೆ ಒಂದು ಕಾರಣ. ಎಂಜಿನಿಯರ್ ಆಗಿ ನನಗೆ ಡಿಸೈನ್ ಇಷ್ಟ ಆಯ್ತು. ಬಳಸೋನು ಯಾರು ಅಂತ ನೋಡಿದಾಗ ಅನುಮಾನ ಬಂತು. ಫೋನು, ಯುಪಿಐ ಇರೋನಿಗೆ ನಾಣ್ಯ ಅಷ್ಟು ಬೇಕಾಗಿಲ್ಲ. ನಾಣ್ಯ ಬೇಕಾದವನ ಕೈಯಲ್ಲಿರೋದು ನೋಟು. ಜೊತೆಗೆ ಆ ಯಂತ್ರ ನಾಣ್ಯ ಕೊಡುತ್ತೆ, ವಾಪಸ್ ತಗೊಳ್ಳಲ್ಲ. ನಾನು ಆಗಲೇ ಹೇಳಿದ ವಾಪಸ್ ದಾರಿ ಅಲ್ಲೂ ಇಲ್ಲ.

ಹಾಗಾಗಿ ನಾವು ನಾಲ್ಕು ಮನೆಯವರು ಒಂದು ಸಣ್ಣ ವ್ಯವಸ್ಥೆ ಮಾಡಿಕೊಂಡಿದ್ದೀವಿ. ತಿಂಗಳಿಗೊಮ್ಮೆ ಒಬ್ಬರು ಸರದಿಯಲ್ಲಿ ಬ್ಯಾಂಕಿಗೆ ಹೋಗಿ ಎರಡು ಸಾವಿರಕ್ಕೆ ನಾಣ್ಯ ತರ್ತೀವಿ. ಬಂಡಿ ಅಣ್ಣ ನೋಟು ಕೊಡ್ತಾರೆ, ನಾವು ಅಷ್ಟಕ್ಕಷ್ಟೇ ನಾಣ್ಯ ಕೊಡ್ತೀವಿ. ಜೊತೆಗೆ ಅಪಾರ್ಟ್‌ಮೆಂಟ್ ಗಣಪತಿ ಗುಡಿಯ ಹುಂಡಿ. ಅದನ್ನ ಎಣಿಸೋ ದಿನ ಕಮಿಟಿಯವರು ಮೊದಲು ಅವರಿಗೇ ಫೋನ್ ಮಾಡ್ತಾರೆ. ಕಮಿಟಿಗೂ ಖುಷಿ, ಬ್ಯಾಂಕಿಗೆ ಹೊರೋದು ತಪ್ಪಿತು. ಏಜೆಂಟ್ ಬರೋದು ನಿಂತಿದೆ. ಚಹಾ? ಚಹಾ ಇನ್ನೂ 15 ರೂಪಾಯಿಯೇ. ಕೇಳಿದೆ. "ಇಳಿಸಿದ್ರ ಮತ್ತ ಚಿಲ್ಲರ ಮುಗದ ದಿನ ಏನ್ ಮಾಡ್ಲಿ ಸರ" ಅಂದರು. ಆದರೆ ಸಣ್ಣ ಲೋಟದ್ದು 8 ರೂಪಾಯಿಗೆ ಶುರು ಮಾಡಿದ್ದಾರೆ. ಬೆಳಗ್ಗೆ ಆರರ ಬ್ಯಾಚು ಅದನ್ನೇ ಕುಡಿಯುತ್ತೆ.

ಹೋಗೋರಿಗೆ ಕೆಲವು ಮಾತು. ತಿಂಗಳ ಮೊದಲ ವಾರ ಬೇಡ, ಪೆನ್ಷನ್ ರಶ್ ಇರುತ್ತೆ. ಎರಡನೇ ನಾಲ್ಕನೇ ಶನಿವಾರ ರಜೆ ಅಂತ ಗೊತ್ತಲ್ಲ. ಮಧ್ಯಾಹ್ನ ಹೋಗಿ, ಎಷ್ಟು ಬೇಕು, ಯಾವುದರದ್ದು ಎಷ್ಟು ಅಂತ ಒಂದು ಚೀಟಿಯಲ್ಲಿ ಬರೆದುಕೊಡಿ. ಸ್ಟಾಕ್ ಇಲ್ಲ ಅಂದರೆ ಜಗಳ ಬೇಡ, ಅದನ್ನೇ ಬರೆದು ಸಹಿ ಹಾಕಿ ಕೊಡ್ತೀರಾ ಅಂತ ಮೆತ್ತಗೆ ಕೇಳಿ. ನನ್ನ ಅನುಭವದಲ್ಲಿ ಆಮೇಲೆ ಸ್ಟಾಕ್ ಬರುತ್ತೆ. ಅದಕ್ಕೂ ಬಗ್ಗದಿದ್ದರೆ ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಅನ್ನಿಸದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ, ಸಿಎಂಎಸ್ ಪೋರ್ಟಲ್‌ನಲ್ಲಿ. ಮಾಹಿತಿ ಬೇಕಿದ್ದರೆ 14448.

ಮನೆಯ ಡಬ್ಬದ ನಾಣ್ಯ ಕಟ್ಟೋರು ನೂರು ನೂರರ ಪ್ಯಾಕೆಟ್ ಮಾಡಿ, ಒಂದೊಂದು ಪ್ಯಾಕೆಟ್‌ನಲ್ಲಿ ಒಂದೇ ಮುಖಬೆಲೆ. ಸಾವಿರ ರೂಪಾಯಿಗಿಂತ ಹೆಚ್ಚು ತಗೊಳ್ಳಲ್ಲ ಅಂತ ಹೇಳಬಹುದು. 2011ರ ನಾಣ್ಯ ಕಾಯ್ದೆಯಲ್ಲಿ ಆ ಸಾವಿರದ ಮಿತಿ ಇರೋದು ನಿಜ, ಆದರೆ ಅದು ಸಾಲ, ಬಿಲ್ಲು ತೀರಿಸುವಾಗ ಇನ್ನೊಬ್ಬರ ಮೇಲೆ ನಾಣ್ಯ ಹೇರೋದಕ್ಕೆ. ಖಾತೆಗೆ ಜಮಾ ಮಾಡೋಕೆ ಅಂಥ ಮಿತಿ ಇಲ್ಲ ಅಂತ ಆರ್‌ಬಿಐಯೇ ಹೇಳಿದೆ.

ಇನ್ನೊಂದು. ಸಾವಿರ ಒಂದು ರೂಪಾಯಿ ನಾಣ್ಯ ಅಂದ್ರೆ ಮೂರರಿಂದ ಮೂರೂವರೆ ಕೇಜಿ ಮೇಲೆ ತೂಗುತ್ತೆ. ಲ್ಯಾಪ್‌ಟಾಪ್ ಬ್ಯಾಗ್ ತಗೊಂಡು ಹೋಗಬೇಡಿ, ಜಿಪ್ ಹರಿಯುತ್ತೆ. ಊರಿಂದ ಅಕ್ಕಿ ತರ್ತೀವಲ್ಲ, ಆ ಬಟ್ಟೆ ಚೀಲ ಸಾಕು. ಪ್ರಶ್ನೆ ಇದ್ದರೆ ಈಗ ಕೇಳಿ.